ನಲ್ಲರ್‌ಬೋರ್ ದಾಟುವಾಗ ಲೆಕ್ಕ ಹಾಕಬೇಕಾದ್ದು ನೀರು

ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ಪಶ್ಚಿಮದ ಪರ್ತ್‌ಗೆ, ನಲ್ಲರ್‌ಬೋರ್ ಬಯಲು ದಾಟಿ, ಮೋಟರ್‌ಹೋಮ್‌ನಲ್ಲಿ (ಅಡುಗೆ, ಮಲಗೋದು ಎಲ್ಲ ಒಳಗೇ ಆಗುವ ಗಾಡಿ) ಹೋಗಿ ಬಂದೆವು ಅಂದರೆ ಎಲ್ಲರೂ ಮೊದಲು ಕೇಳೋದು ದಾರಿಯಲ್ಲಿ ಡೀಸೆಲ್ ಸಿಗುತ್ತಾ ಅಂತ. ಸಿಗುತ್ತೆ. ಆ ಬಯಲು ದಾಟುವ ಏರ್ ಹೈವೇಯಲ್ಲಿ ಒಂದು ರೋಡ್‌ಹೌಸ್ (ಡೀಸೆಲ್, ಊಟ, ತಂಗಲು ಜಾಗ ಸಿಗುವ ತಾಣ) ಬಿಟ್ಟರೆ 200 ಕಿ.ಮೀ. ಒಳಗೆ ಇನ್ನೊಂದು ಇದ್ದೇ ಇದೆ, ದರ ಮಾತ್ರ ಜಾಸ್ತಿ. ಯೋಚನೆ ಮಾಡಬೇಕಾದ್ದು ನೀರಿಗೆ. ನಲ್ಲರ್‌ಬೋರ್ ಪೂರ್ತಿ ಸುಣ್ಣದ ಕಲ್ಲಿನ ಬಯಲು. ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು ಹೋಗುತ್ತೆ, ಒಂದು ಹೊಳೆ ಇಲ್ಲ, ನೆಲದಡಿಯ ನೀರೂ ಉಪ್ಪು. ರೋಡ್‌ಹೌಸ್‌ನವರು ಟ್ಯಾಂಕ್ ತುಂಬಿಸಿ ಕೊಡುತ್ತಾರೆ ಅಂತ ನಂಬಿಕೊಂಡು ಹೊರಡಬೇಡಿ. ಬಯಲಿಗೆ ಮುಂಚಿನ ಊರು ಸೆಡೂನಾದಲ್ಲಿ ತುಂಬಿಸಿದ್ದು ಆಚೆ ತುದಿಯ ನಾರ್ಸ್‌ಮನ್ ಊರಿನವರೆಗೆ, ಅಂದರೆ ಸುಮಾರು 1,200 ಕಿ.ಮೀ. ಬರಬೇಕು.

ಕುಡಿಯೋ ನೀರನ್ನು ಬೇರೆ ಕ್ಯಾನ್‌ಗಳಲ್ಲಿ ಇಟ್ಟೆವು. ಟ್ಯಾಂಕಿನದು ಅಡುಗೆಗೆ, ಪಾತ್ರೆಗೆ. ತಟ್ಟೆಯನ್ನು ಮೊದಲು ಪೇಪರ್‌ನಲ್ಲಿ ಒರೆಸಿ, ಅಕ್ಕಿ ತೊಳೆದು ಎತ್ತಿಟ್ಟ ನೀರಲ್ಲಿ ಗಲಬರಿಸಿ, ಕೊನೆಗೆ ಒಂದು ಲೋಟ ಒಳ್ಳೆ ನೀರು ಹಾಕಿದರೆ ಆಯ್ತು.

ಇನ್ನೊಂದು, ತರಕಾರಿ ವಿಷಯ. ರಾಜ್ಯದ ಗಡಿಯಲ್ಲಿರುವ ಬಾರ್ಡರ್ ವಿಲೇಜ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ತಪಾಸಣೆ ಇದೆ, ಹಸಿ ಹಣ್ಣು ತರಕಾರಿ ಒಳಗೆ ಬಿಡಲ್ಲ. ಜೇನುತುಪ್ಪವೂ ಹಾಗೇ, ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆವು. ಹಿಂದಿನ ರಾತ್ರಿ ನಲ್ಲರ್‌ಬೋರ್ ರೋಡ್‌ಹೌಸ್‌ನಲ್ಲಿ ತಂಗಿದಾಗ ಉಳಿದಿದ್ದ ಟೊಮೆಟೊ, ಈರುಳ್ಳಿ, ಕೊತ್ತಂಬರಿ, ಕರಿಬೇವು ಎಲ್ಲವನ್ನೂ ಹಾಕಿ ದೊಡ್ಡ ಪಾತ್ರೆಯಲ್ಲಿ ಗೊಜ್ಜು ಮಾಡಿಟ್ಟೆವು. ಅಧಿಕಾರಿ ಫ್ರಿಜ್ ತೆಗೆದು, ಡಬ್ಬಿ ಮುಚ್ಚಳ ತೆಗೆದು ನೋಡಿದರು. ಬೇಯಿಸಿದ್ದು ಅಲ್ವಾ, ಬಿಟ್ಟರು. ಮುಂದಿನ ದಾರಿಗೆಲ್ಲ ಅನ್ನಕ್ಕೂ ಬ್ರೆಡ್ಡಿಗೂ ಅದೇ ಆಯ್ತು.

ಓಡಿಸೋದು ಬೆಳಕಿರುವಾಗ ಮಾತ್ರ. ಸಂಜೆ ಆಗುತ್ತಿದ್ದಂತೆ ಕಾಂಗರೂಗಳು ರಸ್ತೆ ಅಂಚಿಗೆ ಬರುತ್ತವೆ, ಒಂಟೆ, ವಾಂಬ್ಯಾಟ್ ಕೂಡ, ಮೇಲಾಗಿ ಪಶ್ಚಿಮಕ್ಕೆ ಹೋಗುವವರಿಗೆ ಇಳಿಬಿಸಿಲು ನೇರ ಕಣ್ಣಿಗೇ ಹೊಡೆಯುತ್ತೆ. ನಾಲ್ಕು ಗಂಟೆಗೆಲ್ಲ ಗಾಡಿ ನಿಲ್ಲಿಸುತ್ತಿದ್ದೆವು. ಗಡಿಯಿಂದ ಕೈಗೂನಾ ರೋಡ್‌ಹೌಸ್‌ವರೆಗೆ ಜನ ಪರ್ತ್‌ಗಿಂತ 45 ನಿಮಿಷ ಮುಂದಿನ ಗಡಿಯಾರ ಇಟ್ಟುಕೊಂಡಿದ್ದಾರೆ, ಅದನ್ನು ನಂಬದೆ ಸೂರ್ಯನನ್ನೇ ನೋಡಿಕೊಂಡೆವು.

ರೋಡ್ ಟ್ರೇನ್ ಅಂದರೆ ಟ್ರೈಲರ್‌ಗಳನ್ನು ಎಳೆದುಕೊಂಡು ಹೋಗುವ ಉದ್ದದ ಲಾರಿ. ಅದು ಪಕ್ಕದಲ್ಲಿ ಹಾದಾಗ ಗಾಳಿ ಮೊದಲು ನಮ್ಮನ್ನು ಆಚೆ ತಳ್ಳುತ್ತೆ, ಆಮೇಲೆ ಒಳಗೆ ಎಳೆಯುತ್ತೆ. ಸ್ಟೇರಿಂಗ್ ಎರಡೂ ಕೈಯಲ್ಲಿ ಹಿಡಿದು ಎಡಗಡೆಯೇ ನೇರ ಹೋಗಿ. ಹಿಂದಿನಿಂದ ಬಂದರೆ ಗೊತ್ತಾಗಲಿ ಅಂತ ಸಿಬಿ ರೇಡಿಯೋವನ್ನು (ಗಾಡಿಗಳ ನಡುವೆ ಮಾತಾಡುವ ವಾಕಿಟಾಕಿ ಥರದ್ದು) ಚಾನೆಲ್ 40ಕ್ಕೆ ಹಾಕಿಟ್ಟಿರಿ, ಚಾಲಕರು ಅದರಲ್ಲೇ ಮಾತಾಡೋದು. ಲಾರಿ ಪಕ್ಕಕ್ಕೆ ಬಂದ ಮೇಲೆ ಸ್ವಲ್ಪ ವೇಗ ಇಳಿಸಿ, ದಾಟಿಕೊಳ್ಳಲಿ. ಬಲಡೋನಿಯಾ ಮತ್ತು ಕೈಗೂನಾ ನಡುವೆ 146.6 ಕಿ.ಮೀ. ಒಂದೂ ತಿರುವಿಲ್ಲದ ರಸ್ತೆ, ಅಲ್ಲಿ ಕಣ್ಣು ತೂಗುತ್ತೆ, ಮಧ್ಯೆ ಚಾಲಕರನ್ನು ಬದಲಾಯಿಸಲೇಬೇಕು.

ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗಿ. ಸೆಕೆ ಇರಲ್ಲ, ನೀರೂ ಉಳಿಯುತ್ತೆ. ಆಗ ದಾರಿಯಲ್ಲಿ ಸಿಗುವ ಕಡಲ ತೀರ ಹೆಡ್ ಆಫ್ ಬೈಟ್‌ನಲ್ಲಿ ತಿಮಿಂಗಿಲಗಳು ಮರಿಗಳ ಜೊತೆ ದಡದ ಹತ್ತಿರವೇ ಇರುತ್ತವೆ. ಅದಕ್ಕೆ ಅರ್ಧ ದಿನವಾದರೂ ಇಟ್ಟುಕೊಳ್ಳಿ.