ತೆನೆ ಹಬ್ಬಕ್ಕೆ ಚರ್ಚ್ ಹಾಲ್‌ನಲ್ಲಿ ಅಡುಗೆ: ಕೆಸುವಿನ ಗಂಟಿನಿಂದ ಗಂಟಲು ತುರಿಸದಿರಲಿ

ಸೆಪ್ಟೆಂಬರ್ 8 ಮರಿಯಮ್ಮನ ಜನ್ಮದಿನ. ಕರಾವಳಿಯ ಕೊಂಕಣಿ ಕಥೋಲಿಕರಿಗೆ ಅದು ಮೊಂತಿ ಫೆಸ್ತ್, ಹೊಸ ಅಕ್ಕಿ ಉಣ್ಣುವ ತೆನೆ ಹಬ್ಬ. ಊರಲ್ಲಾದರೆ ಈ ಊಟ ಮನೆಯಲ್ಲೇ. ಊರು ಬಿಟ್ಟು ಬೆಂಗಳೂರು, ಮುಂಬೈ ಸೇರಿದವರು ಚರ್ಚ್ ಹಾಲ್‌ನಲ್ಲಿ ಒಟ್ಟಿಗೆ ಉಣ್ಣುವುದುಂಟು. ಮೀನು, ಮಾಂಸ ಇಲ್ಲ. ಪಲ್ಯ, ಗಸಿ (ಕಾಯಿ ರುಬ್ಬಿ ಹಾಕಿದ ಗಟ್ಟಿ ಸಾರು) ಎಲ್ಲ ಸೇರಿ ಬೆಸ ಸಂಖ್ಯೆ ಬರಬೇಕು: ಐದು, ಏಳು ಅಥವಾ ಒಂಬತ್ತು.

ಕೇಟರಿಂಗ್‌ಗೆ ಕೊಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಹೊಸದಾಗಿ ವರ್ಗವಾಗಿ ಬಂದ ಕುಟುಂಬ ಭಾನುವಾರದ ಪೂಜೆಗೆ ವರ್ಷವಿಡೀ ಬಂದರೂ ಹಿಂದಿನ ಬೆಂಚಿನಲ್ಲೇ ಉಳಿಯುತ್ತದೆ. ಒಂದು ರಾತ್ರಿ ಎಲ್ಲರ ಜೊತೆ ಕೂತು ತರಕಾರಿ ಹೆಚ್ಚಿದರೆ ಸಾಕು, ಮಕ್ಕಳ ಹೆಸರು, ಅಜ್ಜಿಯ ಮಂಡಿನೋವು ಎಲ್ಲ ಎಲ್ಲರಿಗೂ ಗೊತ್ತಾಗುತ್ತದೆ.

ಮೊದಲು ಕೆಲಸ ಹಂಚಿ. ಚರ್ಚಿನ ಒಂದೊಂದು ವಾರ್ಡಿಗೆ, ಅಂದರೆ ಅಕ್ಕಪಕ್ಕದ ಮನೆಗಳ ಗುಂಪಿಗೆ, ಒಂದೊಂದು ಪದಾರ್ಥ. ಆಯಾ ವಾರ್ಡಿನ ಮುಖಂಡರಾದ ಗುರ್ಕಾರರೇ ಅದಕ್ಕೆ ಹೊಣೆ. ಉಪ್ಪು ಹಾಕುವವರು ಮಾತ್ರ ಒಬ್ಬರೇ ಇರಲಿ. ಅವರ ಹೆಸರನ್ನು ಪಾತ್ರೆಯ ಪಕ್ಕದ ಗೋಡೆಗೆ ಅಂಟಿಸಿ. ಹತ್ತು ಜನ ಪ್ರೀತಿಯಿಂದ ಹಾಕಿದ ಉಪ್ಪನ್ನು ಆಮೇಲೆ ತೆಗೆಯಲಾಗುವುದಿಲ್ಲ, ಅಲ್ವಾ? ಇನ್ನೂರು ಜನರಿಗೆ 25 ಕಿಲೋ ಅಕ್ಕಿ ತರಿಸಿ.

ಇನ್ನು ಕೆಸು, ಅದರ ಎಲೆ ಗಂಟು ಹಾಕಿ ಮಾಡುವ ಗಸಿ. ಹೆಚ್ಚಿನವರು ಎಡವುವುದು ಇಲ್ಲೇ.

ಒಬ್ಬರು ಹಿತ್ತಲಿಂದ ತರುತ್ತಾರೆ, ಒಬ್ಬರು ಮಾರ್ಕೆಟ್‌ನಿಂದ, ಇನ್ನೊಬ್ಬರಿಗೆ ಊರಿಂದ ಬಸ್ಸಿನಲ್ಲಿ ಬಂದಿರುತ್ತದೆ. ಎಲ್ಲ ಒಂದೇ ಜಾತಿಯದಲ್ಲ. ಒಂದು ಅರ್ಧ ಗಂಟೆಯಲ್ಲಿ ಬೇಯುತ್ತದೆ, ಇನ್ನೊಂದು ಎರಡು ಗಂಟೆಯಾದರೂ ತುರಿಸುತ್ತದೆ. ಎಲ್ಲವನ್ನೂ ಒಂದೇ ಹಂಡೆಗೆ ಸುರಿದರೆ ಕೆಲಸ ಕೆಟ್ಟಿತು. ತಂದವರ ಪ್ರಕಾರ ಕಟ್ಟು ಬೇರೆ ಮಾಡಿ, ಬೇರೆ ಬೇರೆ ಪಾತ್ರೆಯಲ್ಲೇ ಬೇಯಿಸಿ. ಯಾವ ಕೆಸು ಅಂತ ತಂದವರಿಗೇ ಗೊತ್ತಿಲ್ಲದಿದ್ದರೆ ಮುಲಾಜಿಲ್ಲದೆ ಪಕ್ಕಕ್ಕಿಡಿ.

ಎಲೆಯನ್ನು ಇಡಿಯಾಗಿ ತೊಳೆದು ಒರೆಸಿ, ನೆರಳಲ್ಲಿ ಬಾಡಲು ಬಿಡಿ. ಬಾಡಿದ ಎಲೆ ಗಂಟು ಹಾಕುವಾಗ ಹರಿಯುವುದಿಲ್ಲ. ಕೈ ಒಣಗಿರಲಿ, ತೆಂಗಿನೆಣ್ಣೆ ಸವರಿಕೊಳ್ಳಿ. ಒದ್ದೆ ಕೈಯಲ್ಲಿ ಕೂತವರು ರಾತ್ರಿಯಿಡೀ ಕೈ ಕೆರೆದುಕೊಳ್ಳುತ್ತಾರೆ. ಕೆಸುವಿನೊಳಗೆ ಸೂಜಿಯಂಥ ಸಣ್ಣ ಆಕ್ಸಲೇಟ್ ಹರಳುಗಳಿರುತ್ತವೆ, ಚುಚ್ಚುವುದು ಅವೇ. ನಡುವಿನ ದಪ್ಪ ನಾರು ತೆಗೆದು, ಎಲೆ ಸುರುಳಿ ಸುತ್ತಿ, ಗಂಟು ಹಾಕಿ. ಒಬ್ಬರಿಗೆ ಎರಡು ಲೆಕ್ಕ ಹಿಡಿದರೆ ನಾಲ್ಕು ನೂರು ಗಂಟು. ಈ ಕೆಲಸಕ್ಕೆ ಹಿರಿಯರ ಪಕ್ಕ ಹೊಸಬರನ್ನು ಕೂರಿಸಿ. ಗಂಟಿನ ಬಿಗಿ ನೋಡಿಯೇ ಕಲಿಯಬೇಕು.

ಪಾತ್ರೆ ಸ್ಟೀಲಿನದೋ ಕಲಾಯಿ ಹಾಕಿದ ತಾಮ್ರದ್ದೋ ಇರಲಿ. ಹುಳಿ ಪದಾರ್ಥಕ್ಕೆ ಅಲ್ಯೂಮಿನಿಯಂ ಬೇಡ. ಮೊದಲು ನೀರಿಗೆ ಜಜ್ಜಿದ ಅಂಬಟೆಕಾಯಿ, ಹುಣಸೆರಸ, ಉಪ್ಪು ಹಾಕಿ ಕುದಿಸಿ. ನೀರು ತಳಮಳ ಕುದಿಯುವಾಗ ಗಂಟುಗಳನ್ನು ಬಿಡಿ. ಹುಳಿಯನ್ನು ಕೊನೆಗೆ ಹಾಕಬೇಡಿ. ಬಾಟಲಿಯಲ್ಲಿ ಬರುವ ಹುಣಸೆ ಪೇಸ್ಟೂ ಬೇಡ. ಅಡುಗೆ ಸೋಡಾ ಅಂತೂ ಹತ್ತಿರ ತರಬೇಡಿ. ಸೋಡಾಕ್ಕೆ ಎಲೆ ಬೇಗ ಮೆತ್ತಗಾಗುತ್ತದೆ, ಬೆಂದಿತು ಅಂತ ನಂಬಿ ಇಳಿಸುತ್ತಾರೆ, ತುರಿಕೆ ಹಾಗೇ ಉಳಿದಿರುತ್ತದೆ.

ಬೆಂದ ಮೇಲೆ ಪ್ರತಿ ಪಾತ್ರೆಯ ನಡುವಿನಿಂದ ಒಂದು ಗಂಟು ತೆಗೆದು, ಸಣ್ಣ ಚೂರು ತಿಂದು, ಹತ್ತು ನಿಮಿಷ ಕಾಯಿರಿ. ಕೆಸು ತಕ್ಷಣ ಚುಚ್ಚದೆ, ತಡವಾಗಿ ಚುಚ್ಚುವುದೂ ಉಂಟು. ನಾಲಿಗೆ ಚುರುಗುಟ್ಟಿದರೆ ಇನ್ನಷ್ಟು ಹುಳಿ, ಇನ್ನಷ್ಟು ಹೊತ್ತು ಕುದಿ. ಇದೆಲ್ಲ ಕಾಯಿ ಮಸಾಲೆ ಬೀಳುವ ಮೊದಲೇ ಮುಗಿಯಬೇಕು. ಕಾಯಿ ಹಾಕಿದ ಮೇಲೆ ಗಂಟೆಗಟ್ಟಲೆ ಕುದಿಸಿದರೆ ಗಸಿ ಒಡೆಯುತ್ತದೆ, ರುಚಿಯೂ ಹೋಗುತ್ತದೆ. ಹಾಗಾಗಿ ಕೆಸು ಹಬ್ಬದ ಹಿಂದಿನ ರಾತ್ರಿಯೇ ಬೆಂದಿರಲಿ. ಕಾಯಿ ಬೆಳಿಗ್ಗೆ ತುರಿದು, ಬೆಳಿಗ್ಗೆಯೇ ರುಬ್ಬಿ. ರಾತ್ರಿ ರುಬ್ಬಿಟ್ಟ ಕಾಯಿ ಹಳಸುತ್ತದೆ. ಪ್ಯಾಕೆಟ್‌ನ ಒಣ ಕೊಬ್ಬರಿ ಪುಡಿ ಈ ಊಟಕ್ಕೆ ಹೊಂದುವುದೇ ಇಲ್ಲ.

ಬೆಂಡೆ, ಹೀರೆ, ಅಲಸಂದೆ ಪಲ್ಯಗಳು, ಕಡಲೆಬೇಳೆ ಪಾಯಸ ಎಲ್ಲರಿಗೂ ಬರುತ್ತವೆ, ಬೆಳಿಗ್ಗೆ ಮಾಡಿ.

ಪೂಜೆಯಲ್ಲಿ ಆಶೀರ್ವದಿಸಿದ ತೆನೆಯ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ. ಪ್ರಾರ್ಥನೆ ಆದ ಮೇಲೆ ಹಾಲ್‌ನಲ್ಲಿರುವ ಅತಿ ಹಿರಿಯರ ಕೈಯಿಂದ ಅದನ್ನು ಮೊದಲು ಹಂಚಿಸಿ.

ಊಟಕ್ಕೆ ಎಲೆ ಹಾಕುವ ಮುಂಚೆ ಇನ್ನೊಂದು ಕೆಲಸವಿದೆ. ಹಾಸಿಗೆ ಹಿಡಿದವರು, ಒಂಟಿ ವೃದ್ಧರು, ಆ ವರ್ಷ ಮನೆಯಲ್ಲಿ ಸಾವು ಕಂಡು ಹಬ್ಬಕ್ಕೆ ಬಾರದವರ ಪಟ್ಟಿ ಗುರ್ಕಾರರ ಹತ್ತಿರ ಇರುತ್ತದೆ. ಅವರ ಬುತ್ತಿ ಮೊದಲು ಹೋಗಬೇಕು. ಉಳಿದದ್ದನ್ನು ಸಂಜೆ ಕಳಿಸುವುದು ಸರಿಯಲ್ಲ. ಯುವಕರು ಬೈಕ್ ತೆಗೆದುಕೊಂಡು ಹೊರಡಲಿ, ಬುತ್ತಿ ಕೊಟ್ಟು ಐದು ನಿಮಿಷ ಕೂತು ಬರಲಿ.

ಪಾತ್ರೆ ತೊಳೆಯುವ ಸರದಿಯನ್ನು ಹಿಂದಿನ ವಾರವೇ ಬರೆದಿಡಿ, ಗಂಡಸರ ಹೆಸರೂ ಅದರಲ್ಲಿರಲಿ. ಹಂಡೆ, ಸೌಟು, ತುರಿಮಣೆ ಎಣಿಸಿ ಪುಸ್ತಕದಲ್ಲಿ ಬರೆದ ಮೇಲೆಯೇ ಅಡುಗೆಮನೆಯ ಕೀ ಫಾದರ್ ಕೈಗೆ ಕೊಡಿ.