ನೆಟ್ ಮೇಲೆ ಒಂದು ಗೇಣು: ಗಟ್ಟಿಂಗ್ ಮಾಡುತ್ತಾ ಕಂಡುಕೊಂಡದ್ದು

ಗಟ್ಟಿಂಗ್‌ಗೆ, ಅಂದರೆ ಗಟ್ (ಎಳೆ) ಹಾಕಿಸಲಿಕ್ಕೆ, ಟೆನಿಸ್ ರಾಕೆಟ್ ತಂದುಕೊಡುವವರಲ್ಲಿ ಹೆಚ್ಚಿನವರು ಕೇಳುವುದು ಪವರ್. "ಅಣ್ಣಾ, ಬಾಲ್ ಜೋರಾಗಿ ಹೋಗೋ ಹಂಗ ಹಾಕಿಕೊಡ್ರಿ" ಅಂತಾರೆ. ಬಳ್ಳಾರಿಯ ಗಾಂಧಿನಗರದಲ್ಲಿ ಮನೆಯಲ್ಲೇ ಮಷೀನ್ ಇಟ್ಟುಕೊಂಡು ಈ ಕೆಲಸ ಮಾಡುತ್ತೇನೆ, ಬೆಳಿಗ್ಗೆ ಹೊತ್ತು ಆಡುತ್ತೇನೆ. ಎರಡೂ ಮಾಡುತ್ತಾ ಬಂದ ಮೇಲೆ ನನಗೆ ಖಾತ್ರಿಯಾದ ಒಂದು ಸಂಗತಿ ಇದೆ. ಗಟ್ ಬದಲಿಸಿದಾಗ, ಪ್ಯಾಟರ್ನ್ ಬದಲಿಸಿದಾಗ ನಮಗೆ ಪವರ್ ಅಂತ ಅನಿಸುವುದರಲ್ಲಿ ಮುಕ್ಕಾಲು ಪಾಲು ಚೆಂಡು ರಾಕೆಟ್‌ನಿಂದ ಎಷ್ಟು ಎತ್ತರಕ್ಕೆ ಹೊರಡುತ್ತದೆ ಅನ್ನುವ ವಿಷಯ. ವೇಗ ಹೆಚ್ಚು ಬದಲಾಗುವುದಿಲ್ಲ, ದಾರಿ ಬದಲಾಗುತ್ತದೆ.

ಪ್ಯಾಟರ್ನ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ರಾಕೆಟ್‌ನ ಒಳಗಡೆ ಫ್ರೇಮ್ ಮೇಲೆ 16x19 ಅಥವಾ 18x20 ಅಂತ ಬರೆದಿರುತ್ತದೆ. ಮೊದಲನೆಯದು ಉದ್ದದ ಎಳೆಗಳು, ಅಂದರೆ ಮೇನ್ಸ್. ಎರಡನೆಯದು ಅಡ್ಡ ಎಳೆಗಳು, ಕ್ರಾಸ್. 16x19 ಇದ್ದರೆ ಎಳೆಗಳು ಒಂದನ್ನೊಂದು ದಾಟುವ ಜಾಗ 304, 18x20 ಇದ್ದರೆ 360. ಸಂದು ದೊಡ್ಡದಿದ್ದರೆ ಓಪನ್ ಪ್ಯಾಟರ್ನ್, ಸಣ್ಣದಿದ್ದರೆ ಡೆನ್ಸ್. ನಮ್ಮ ಕಡೆ ಹಗ್ಗದ ಹೊರಸಿನ ಮೇಲೆ ಮಲಗಿದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಹಗ್ಗ ವಿರಳವಾಗಿದ್ದ ಹೊರಸು ತಗ್ಗುತ್ತದೆ, ಒತ್ತಾಗಿ ಹೆಣೆದದ್ದು ತಗ್ಗುವುದಿಲ್ಲ, ಹಗ್ಗವನ್ನು ಎರಡಕ್ಕೂ ಅಷ್ಟೇ ಬಿಗಿಯಾಗಿ ಎಳೆದಿದ್ದರೂ ಸಹ.

ಬರೀ ಅಂಕಿ ನೋಡಿ ತೀರ್ಮಾನ ಮಾಡಬಾರದು, ಇದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಫೆಡರರ್ ಬಹಳ ವರ್ಷ ಆಡಿದ, ತಲೆ 90 ಚದರ ಇಂಚಿನ ರಾಕೆಟ್ ಕೂಡ 16x19, ನಡಾಲ್ ಕೈಯಲ್ಲಿದ್ದ 100 ಚದರ ಇಂಚಿನ ಬಾಬೊಲಾಟ್ ಕೂಡ 16x19. ಅಷ್ಟೇ ಎಳೆಗಳನ್ನು ಸಣ್ಣ ತಲೆಯಲ್ಲಿ ತುಂಬಿಸಿದರೆ ಸಂದು ಸಣ್ಣದಾಗುತ್ತದೆ, ಅಲ್ವಾ? ನಾನು ಯಾವ ರಾಕೆಟ್ ಬಂದರೂ ಮೊದಲು ನಡುಮಧ್ಯದ ನಾಲ್ಕೈದು ಚೌಕ ಎಷ್ಟು ದೊಡ್ಡದಿವೆ ಅಂತ ನೋಡುತ್ತೇನೆ. ಕೆಲವು ಕಂಪನಿಗಳು ನಡುವೆ ಒತ್ತಾಗಿ ಇಟ್ಟು ಮೇಲೆ ಕೆಳಗೆ ಬಿಡುವು ಕೊಟ್ಟಿರುತ್ತಾರೆ. ಚೆಂಡು ಬೀಳುವುದು ನಡುವೆ, ಹಾಗಾಗಿ ಲೆಕ್ಕಕ್ಕೆ ಬರುವುದೂ ನಡುವಿನ ಸಂದೇ.

ಇನ್ನು ನಾನು ಮಾಡಿ ನೋಡಿದ್ದು. ವಿಲ್ಸನ್ ಬ್ಲೇಡ್ 98 ಅನ್ನುವ ರಾಕೆಟ್ ಎರಡೂ ಪ್ಯಾಟರ್ನ್‌ನಲ್ಲಿ ಸಿಗುತ್ತದೆ, ಒಂದೇ ತಲೆ, ಒಂದೇ ಥರದ ಫ್ರೇಮ್, ಒಂದು 16x19, ಇನ್ನೊಂದು 18x20. ಹೋಲಿಸಿ ನೋಡಲಿಕ್ಕೆ ಇದಕ್ಕಿಂತ ಚೆನ್ನಾಗಿರೋ ಜೋಡಿ ನನಗೆ ಸಿಕ್ಕಿಲ್ಲ. ನನ್ನ ಹತ್ತಿರ ಮೊದಲನೆಯದಿತ್ತು, ಜೊತೆಗೆ ಆಡುವ ಸ್ನೇಹಿತರೊಬ್ಬರ ಹತ್ತಿರ ಎರಡನೆಯದು. ಎರಡಕ್ಕೂ ಒಂದೇ ರೀಲಿನ 17 ಗೇಜ್ ದಪ್ಪದ ಪಾಲಿಯೆಸ್ಟರ್ ಗಟ್, ಒಂದೇ ಸಂಜೆ, 50 ಪೌಂಡ್ ಟೆನ್ಷನ್‌ನಲ್ಲಿ (ಎಳೆ ಎಳೆಯುವ ಬಿಗಿ) ಹಾಕಿದೆ. ಬೆಳ್ಳಿ ತೂಗುವ ತಕ್ಕಡಿಯಲ್ಲಿ ತೂಗಿ ಹಗುರ ಇದ್ದದ್ದಕ್ಕೆ ಸೀಸದ ಟೇಪ್ ಸುತ್ತಿದೆ. ಹಿಡಿಗೆ ಒಂದೇ ಥರದ ಗ್ರಿಪ್.

ಬೆಳಿಗ್ಗೆ ಗಾಳಿ ಏಳುವ ಮುಂಚೆ ಕೋರ್ಟಿಗೆ ಹೋದೆವು. ಒಂದು ಬಿದಿರಿನ ಕೋಲಿಗೆ ಗೇಣಿಗೊಂದರಂತೆ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿ, ನೆಟ್‌ನ ನಡುವಿನ ಪಟ್ಟಿಯ ಪಕ್ಕಕ್ಕೆ ನೆಟ್ಟಗೆ ಕಟ್ಟಿದೆ. ಅಕ್ಕನ ಮಗ ನೆಟ್‌ನ ಕಂಬದ ಹತ್ತಿರ ಫೋನ್ ಹಿಡಿದು ಸ್ಲೋ ಮೋಷನ್‌ನಲ್ಲಿ ತೆಗೆಯುತ್ತಾ ಕೂತ. ಸ್ನೇಹಿತರು ಬುಟ್ಟಿಯಿಂದ ಕೈಯಲ್ಲೇ ಚೆಂಡು ಎಸೆದರು, ಪ್ರತಿ ಸಲ ಅದೇ ಜಾಗಕ್ಕೆ. ನಾನು ಬೇಸ್‌ಲೈನ್‌ನಿಂದ ಫೋರ್‌ಹ್ಯಾಂಡ್, ನೇರ ಎದುರಿಗೆ, ರ್‍ಯಾಲಿಯಲ್ಲಿ ಹೊಡೆಯುವ ಹದದಲ್ಲಿ. ಕೈ ಸೋತದ್ದು ಒಂದೇ ರಾಕೆಟ್ ಮೇಲೆ ಬೀಳಬಾರದು ಅಂತ ಕೆಲವು ಚೆಂಡಿಗೊಮ್ಮೆ ರಾಕೆಟ್ ಬದಲಿಸುತ್ತಿದ್ದೆ.

ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಒಂದು ವಿಷಯ ಎದ್ದು ಕಂಡಿತು. 16x19ರಿಂದ ಹೋದ ಚೆಂಡುಗಳು ಹೆಚ್ಚು ಕಡಿಮೆ ಒಂದು ಟೇಪ್ ಗುರುತಿನಷ್ಟು ಮೇಲೆ ದಾಟುತ್ತಿದ್ದವು. ಒಂದು ಗೇಣು. ಪ್ರತಿಯೊಂದೂ ಹಾಗೇ ಅಂತಲ್ಲ, ನನ್ನ ಕೈಯೇನೂ ಯಂತ್ರ ಅಲ್ಲ. ಆದರೆ ಗುಂಪಾಗಿ ನೋಡಿದರೆ ಮೇಲಿನ ಗುಂಪು ಯಾವುದು, ಕೆಳಗಿನ ಗುಂಪು ಯಾವುದು ಅಂತ ಹುಡುಗನೇ ಹೇಳಿಬಿಟ್ಟ. ಆ ಕಡೆ ಅವು ಬೀಳುತ್ತಿದ್ದದ್ದೂ ಬೇಸ್‌ಲೈನ್ ಹತ್ತಿರ, ಒಂದೆರಡು ಔಟ್ ಕೂಡ. 18x20ರವು ಬೇಸ್‌ಲೈನ್‌ಗಿಂತ ಇನ್ನಷ್ಟು ಒಳಗೆ, ಒಂದೇ ಸುತ್ತಿನೊಳಗೆ. ಇನ್ನು ವೇಗ? ಹೊಡೆದ ಕ್ಷಣದಿಂದ ನೆಟ್ ದಾಟುವವರೆಗೆ ವಿಡಿಯೋದ ಎಷ್ಟು ಫ್ರೇಮ್ ಅಂತ ಎಣಿಸಿದೆವು. ನಮ್ಮ ಫೋನಿಗೆ ಸಿಗುವಷ್ಟು ವ್ಯತ್ಯಾಸವೇ ಇರಲಿಲ್ಲ.

ಲೆಕ್ಕ ಹಾಕಿದರೂ ಇದು ಕೂಡಿಬರುತ್ತದೆ. ಕೋರ್ಟಿನ ಉದ್ದ 23.77 ಮೀಟರ್, ಬೇಸ್‌ಲೈನ್‌ನಿಂದ ನೆಟ್‌ಗೆ ಅದರ ಅರ್ಧ, ಸುಮಾರು 11.9. ಚೆಂಡು ಹೊರಡುವ ಕೋನ ಒಂದೇ ಒಂದು ಡಿಗ್ರಿ ಏರಿದರೆ ನೆಟ್ ಹತ್ತಿರ ಅದು ಸುಮಾರು 20 ಸೆಂಟಿಮೀಟರ್ ಮೇಲೆ ಇರುತ್ತದೆ, ಅಂದರೆ ನಮ್ಮ ಗೇಣಿನ ಲೆಕ್ಕವೇ. ಅದೇ ಚೆಂಡು ಆ ಕಡೆ ಒಂದು ಮೀಟರ್‌ನಷ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ, ಮುಂದೆ ಹೋಗಿ ಬೀಳುತ್ತದೆ. ಮುಂದೆ ಬಿತ್ತು ಅಂದ ಕೂಡಲೇ ನಮ್ಮ ಮನಸ್ಸು "ಆಹಾ, ಪವರ್" ಅನ್ನುತ್ತದೆ. ಒಂದು ಡಿಗ್ರಿ ಅಷ್ಟೇ.

ಗಟ್‌ನಿಂದ ನಿಜವಾದ ವೇಗ ಯಾಕೆ ಅಷ್ಟಾಗಿ ಬರುವುದಿಲ್ಲ ಅನ್ನುವುದಕ್ಕೂ ಕಾರಣ ಇದೆ. ಟೆನಿಸ್ ನಿಯಮದ ಪ್ರಕಾರ ಚೆಂಡನ್ನು 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು 135ರಿಂದ 147 ಸೆಂಟಿಮೀಟರ್ ಪುಟಿಯಬೇಕು. ಅಂದರೆ ಅರ್ಧಕ್ಕೆ ಹತ್ತಿರದಷ್ಟು ಶಕ್ತಿಯನ್ನು ಚೆಂಡು ತಾನೇ ನುಂಗುತ್ತದೆ. ಗಟ್ ಹಾಗಲ್ಲ, ತನಗೆ ಕೊಟ್ಟದ್ದರಲ್ಲಿ ಬಹುಪಾಲು ವಾಪಸ್ ಕೊಡುತ್ತದೆ. ಸಡಿಲ ಇದ್ದಾಗ, ಸಂದು ದೊಡ್ಡದಿದ್ದಾಗ ಗಟ್ ಜಾಸ್ತಿ ಬಾಗುತ್ತದೆ, ಚೆಂಡು ಕಡಿಮೆ ಚಪ್ಪಟೆಯಾಗುತ್ತದೆ, ಆ ಲೆಕ್ಕದಲ್ಲಿ ಸ್ವಲ್ಪ ವೇಗ ಸಿಗುವುದು ನಿಜ. ಆದರೆ ಆ ಸ್ವಲ್ಪ ನಿಜಕ್ಕೂ ಸ್ವಲ್ಪವೇ. ಪವರ್ ಬೇಕಾದವರು ಫ್ರೇಮ್ ನೋಡಬೇಕು, ಅದರ ಬಿಗುವು, ತಲೆಯ ಕಡೆ ತೂಕ, ಎಲ್ಲಕ್ಕಿಂತ ಮೊದಲು ತಮ್ಮ ಸ್ವಿಂಗ್.

ಹಾಗಾದರೆ ಓಪನ್ ಪ್ಯಾಟರ್ನ್‌ನಲ್ಲಿ ಚೆಂಡು ಮೇಲೇಳುವುದು ಯಾಕೆ? ನನ್ನ ಹತ್ತಿರ ಬರುವ ಹುಡುಗರಿಗೆ ಇದನ್ನು ಹೆಬ್ಬೆರಳಲ್ಲಿ ತೋರಿಸುತ್ತೇನೆ. ಹೊಸದಾಗಿ ಪಾಲಿಯೆಸ್ಟರ್ ಹಾಕಿದ 16x19 ತೆಗೆದುಕೊಂಡು, ನಡುವಿನ ಒಂದು ಮೇನ್ ಎಳೆಯನ್ನು ಹೆಬ್ಬೆರಳಿಂದ ಪಕ್ಕಕ್ಕೆ ತಳ್ಳಿ ಬಿಡಿ. ಟಕ್ ಅಂತ ತನ್ನ ಜಾಗಕ್ಕೆ ವಾಪಸ್ ಬರುತ್ತದೆ. ಮೇಲ್ಮುಖವಾಗಿ ಉಜ್ಜಿ ಹೊಡೆದಾಗ ಆಗುವುದೂ ಇದೇ. ಚೆಂಡು ಗಟ್ ಮೇಲೆ ಇರುವುದು ಒಂದು ಸೆಕೆಂಡಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ಹೊತ್ತು, ಅಷ್ಟರಲ್ಲೇ ಅದು ಮೇನ್ಸ್‌ಗಳನ್ನು ಕೆಳಕ್ಕೆ ಎಳೆಯುತ್ತದೆ, ಅವು ಮೇಲಕ್ಕೆ ಚಿಮ್ಮುತ್ತವೆ, ಚಿಮ್ಮುವಾಗ ಚೆಂಡನ್ನೂ ಮೇಲಕ್ಕೆ ತಳ್ಳಿ ತಿರುಗಿಸುತ್ತವೆ. ಟಾಪ್‌ಸ್ಪಿನ್ನೂ (ಚೆಂಡು ಮುಂದಕ್ಕೆ ತಿರುಗುತ್ತಾ ಹೋಗುವುದು) ಬಂತು, ಎತ್ತರವೂ ಬಂತು. ಅಡ್ಡ ಎಳೆಗಳು ಜಾಸ್ತಿ ಇದ್ದಷ್ಟೂ ಮೇನ್ಸ್‌ಗೆ ಜಾರಲು ತಡೆ ಜಾಸ್ತಿ, ಹಾಗಾಗಿ 18x20ರಲ್ಲಿ ಈ ಚಿಮ್ಮುವಿಕೆ ಕಡಿಮೆ. ಅದೇ ಹೆಬ್ಬೆರಳನ್ನು ಹಳೆಯ ಸಿಂಥೆಟಿಕ್ (ನೈಲಾನ್) ಗಟ್ ಮೇಲೆ ಇಟ್ಟು ನೋಡಿ, ತಳ್ಳಿದ ಎಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಪ್ರತಿ ಪಾಯಿಂಟ್ ಆದ ಮೇಲೆ ಬೆರಳಲ್ಲಿ ನೇರ ಮಾಡಿಕೊಳ್ಳಬೇಕು.

ಈ ಜಾರುವ ಗುಣವನ್ನು ಕೊನೆಯ ಮಟ್ಟಕ್ಕೆ ಒಯ್ದವರು ಒಬ್ಬರಿದ್ದರು. ಜರ್ಮನಿಯ ವರ್ನರ್ ಫಿಶರ್ ಅನ್ನುವವರು ಮೇನ್ಸ್ ಮತ್ತು ಕ್ರಾಸ್‌ಗಳನ್ನು ಹೆಣೆಯದೆ, ಎರಡು ಪದರದ ಉದ್ದ ಎಳೆಗಳ ನಡುವೆ ಅಡ್ಡ ಎಳೆ ಇಟ್ಟು ಒಂದು ರಾಕೆಟ್ ಮಾಡಿದರು. ಅದಕ್ಕೆ ಸ್ಪಗೆಟಿ ರಾಕೆಟ್ ಅಂತ ಹೆಸರು ಬಿತ್ತು. 1977ರಲ್ಲಿ ಫ್ರಾನ್ಸ್‌ನಲ್ಲಿ ರೊಮೇನಿಯಾದ ಆಟಗಾರ ನಸ್ತಾಸೆ ಅದನ್ನು ಹಿಡಿದು ಅರ್ಜೆಂಟೀನಾದ ವಿಲಾಸ್ ಎದುರು ಆಡಿದಾಗ, ಎರಡು ಸೆಟ್ ಸೋತ ವಿಲಾಸ್ ಆಟ ಬಿಟ್ಟು ನಡೆದರು. ಅವರ ಸತತ 46 ಗೆಲುವಿನ ಓಟ ಅಲ್ಲಿಗೆ ನಿಂತಿತು. ಆಮೇಲೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಆ ರಾಕೆಟ್ ನಿಷೇಧಿಸಿ, ಎಳೆಗಳು ಒಂದರ ಮೇಲೊಂದು ಒಂದರ ಕೆಳಗೊಂದು ಹೆಣೆದಿರಬೇಕು ಅಂತ ನಿಯಮ ಮಾಡಿತು. ಆ ನಿಯಮದ ಒಳಗೇ ಇದ್ದುಕೊಂಡು ವಿಲ್ಸನ್ 2013ರಲ್ಲಿ ಸ್ಟೀಮ್ 99ಎಸ್ ಅಂತ 16x15ರ ರಾಕೆಟ್ ತಂದಿತು. ದಾಟುವ ಜಾಗ ಬರೀ 240. ಸ್ಪಿನ್ ಭರ್ಜರಿ. ಆದರೆ ಗಟ್ ಬೇಗ ತುಂಡಾಗುತ್ತದೆ, ಯಾಕಂದರೆ ಜಾಸ್ತಿ ಓಡಾಡುವ ಎಳೆ ಜಾಸ್ತಿ ಸವೆಯುತ್ತದೆ.

ಹಾಕುವ ಕೆಲಸದಲ್ಲೂ ಎರಡಕ್ಕೂ ವ್ಯತ್ಯಾಸ ಇದೆ. ನನ್ನದು ಡ್ರಾಪ್ ವೇಟ್ ಮಷೀನ್, ಸರಳಿನ ಮೇಲೆ ತೂಕ ಸರಿಸಿ ಟೆನ್ಷನ್ ಹೊಂದಿಸಬೇಕು, ಸರಳು ನೆಲಕ್ಕೆ ಸಮಾನಾಂತರ ಬಂದು ನಿಂತಾಗಲೇ ಹಾಕಿದ ಪೌಂಡ್ ಸರಿ. 18x20ರಲ್ಲಿ ಕೊನೆಯ ಮೂರು ನಾಲ್ಕು ಕ್ರಾಸ್‌ಗಳಿಗೆ ಬರುವಷ್ಟರಲ್ಲಿ ಸಂದಿನಲ್ಲಿ ಬೆರಳಿನ ತುದಿಯೂ ಹಿಡಿಸುವುದಿಲ್ಲ. ಅವಸರದಲ್ಲಿ ಎಳೆದರೆ ಎಳೆ ಎಳೆಯನ್ನು ಉಜ್ಜಿ ಸುಡುತ್ತದೆ, ಆಟ ಶುರುವಾಗುವ ಮುಂಚೆಯೇ ಗಟ್ ಅರ್ಧ ಸತ್ತಂತೆ. ಅದಕ್ಕೇ ಎಳೆಯುವಾಗ ಕ್ರಾಸನ್ನು ಬೆರಳಿಂದ ಮೇಲೆ ಕೆಳಗೆ ಆಡಿಸುತ್ತಾ, ಒಂದೇ ಜಾಗದಲ್ಲಿ ಉಜ್ಜದ ಹಾಗೆ ಎಳೆಯುತ್ತೇನೆ. ಎರಡಕ್ಕೂ ಒಂದೇ ಟೆನ್ಷನ್ ಹಾಕಿದರೆ 18x20 ಹಲಗೆಯ ಹಾಗೆ ಅನಿಸುತ್ತದೆ, ಹಾಗಾಗಿ 16x19ಕ್ಕೆ 52 ಹಾಕುವವರಿಗೆ 18x20ರಲ್ಲಿ 49 ಅಥವಾ 50 ಸಾಕು. ಎರಡು ಮೂರು ಪೌಂಡ್ ಇಳಿಸಿದ ಕೂಡಲೇ ಡೆನ್ಸ್ ಪ್ಯಾಟರ್ನ್ ಬಗ್ಗೆ ಇರುವ ಅರ್ಧ ದೂರು ಹೋಗುತ್ತದೆ.

ಬಳ್ಳಾರಿಯ ಬಿಸಿಲಿನ ಮಾತು ಹೇಳದೆ ಇದು ಮುಗಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಪಾಲಿಯೆಸ್ಟರ್ ಹಾಕಿದ ಮೊದಲ ದಿನವೇ ಒಂದಷ್ಟು ಟೆನ್ಷನ್ ಕಳೆದುಕೊಳ್ಳುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ಮೇಲಾಗಿ ಬಿಸಿಯಾದ ಚೆಂಡು ಜಾಸ್ತಿ ಪುಟಿಯುತ್ತದೆ. ಎರಡೂ ಸೇರಿದರೆ ಜನವರಿಯಲ್ಲಿ ಲೈನ್ ಮೇಲೆ ಬೀಳುತ್ತಿದ್ದ ಹೊಡೆತ ಮೇ ತಿಂಗಳಲ್ಲಿ ಹಿಂದಿನ ಜಾಲರಿಗೆ ಹೋಗುತ್ತದೆ, ಆಡುವವರು ತಮ್ಮ ಕೈಯನ್ನು ಬೈದುಕೊಳ್ಳುತ್ತಾರೆ. ನಾನು ಬೇಸಿಗೆಗೆ ಎರಡು ಪೌಂಡ್ ಏರಿಸುತ್ತೇನೆ, ಓಪನ್ ಪ್ಯಾಟರ್ನ್ ಇದ್ದವರಿಗೆ ತಪ್ಪದೆ. ಕಾರಿನ ಡಿಕ್ಕಿಯಲ್ಲಿ ರಾಕೆಟ್ ಬಿಡಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ನಮ್ಮ ಕೆಂಪು ಧೂಳೂ ಸುಮ್ನೆ ಬಿಡುವುದಿಲ್ಲ, ಎಳೆಗಳು ಸೇರುವ ಜಾಗದಲ್ಲಿ ಕೂತು ಉಜ್ಜುತ್ತದೆ, ಜಾರುವುದನ್ನು ತಡೆಯುತ್ತದೆ. ಆಟ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿಟ್ಟರೆ ಆ ಟಕ್ ಅನ್ನುವ ಗುಣ ಜಾಸ್ತಿ ದಿನ ಉಳಿಯುತ್ತದೆ.

ಹಾಗಾದರೆ ಯಾರಿಗೆ ಯಾವುದು? ಯಾರಾದರೂ ಬಂದು ಪವರ್ ಬೇಕು ಅಂದಾಗ ನಾನು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ತಪ್ಪುಗಳು ನೆಟ್‌ಗೆ ಬೀಳುತ್ತವೋ, ಔಟ್ ಹೋಗುತ್ತವೋ? ಮೊನ್ನೆ ಒಬ್ಬ ಹುಡುಗ 18x20 ತಂದು ಅದೇ ಮಾತು ಹೇಳಿದ. "ನೆಟ್‌ಗೇ ಜಾಸ್ತಿ, ಅಣ್ಣಾ" ಅಂದ. ನಾಲ್ಕು ಪೌಂಡ್ ಇಳಿಸಿ, ಸ್ವಲ್ಪ ತೆಳು ಗಟ್ ಹಾಕಿಕೊಟ್ಟೆ, ನೆಟ್ ಮೇಲೆ ಅವನಿಗೆ ಬೇಕಾದ ಗೇಣು ಸಿಕ್ಕಿತು, ಹೊಸ ರಾಕೆಟ್ ಖರ್ಚು ಉಳಿಯಿತು. ಚಪ್ಪಟೆಯಾಗಿ, ನೇರವಾಗಿ ಹೊಡೆಯುವವರಿಗೆ ಓಪನ್ ಪ್ಯಾಟರ್ನ್‌ನಿಂದ ಸ್ಪಿನ್ ಹೆಚ್ಚೇನೂ ಬರುವುದಿಲ್ಲ, ಎತ್ತರ ಮಾತ್ರ ಬರುತ್ತದೆ, ಚೆಂಡು ಹಾರಿಹೋಗುತ್ತದೆ. ಅಂಥವರಿಗೆ 18x20 ಒಳ್ಳೆಯದು. ಕೆಳಗಿನಿಂದ ಮೇಲಕ್ಕೆ ಉಜ್ಜಿ ಹೊಡೆಯುವ ಹುಡುಗರಿಗೆ 16x19 ಹೇಳಿ ಮಾಡಿಸಿದ ಹಾಗಿರುತ್ತದೆ, ಮೇಲೆ ಹೋದದ್ದನ್ನು ಸ್ಪಿನ್ನೇ ಕೆಳಗೆ ಇಳಿಸುತ್ತದೆ. ಡಬಲ್ಸ್ ಆಡುವ, ನೆಟ್ ಹತ್ತಿರ ವಾಲಿ (ಪುಟಿಯುವ ಮುಂಚೆಯೇ ಹೊಡೆಯುವುದು) ಜಾಸ್ತಿ ಇರುವ ಹಿರಿಯರು ಡೆನ್ಸ್ ಪ್ಯಾಟರ್ನನ್ನೇ ಮೆಚ್ಚಿಕೊಳ್ಳುತ್ತಾರೆ, ಇಟ್ಟ ಕಡೆ ಬೀಳುತ್ತದೆ ಅಂತ. ಚಿಕ್ಕ ಮಕ್ಕಳಿಗೂ ಮೊಣಕೈ ನೋವಿದ್ದವರಿಗೂ ಪೂರ್ತಿ ಪಾಲಿಯೆಸ್ಟರ್ ಹಾಕಲು ನಾನು ಒಪ್ಪುವುದಿಲ್ಲ, ಎಷ್ಟೇ ಒತ್ತಾಯ ಮಾಡಿದರೂ. ದೊಡ್ಡವರು ಕೇಳಿದರೆ ಮೇನ್ಸ್‌ಗೆ ಪಾಲಿ, ಕ್ರಾಸ್‌ಗೆ ಸಿಂಥೆಟಿಕ್ ಹಾಕುತ್ತೇನೆ, ಜಾರುವುದು ಒಂದಷ್ಟು ಉಳಿಯುತ್ತದೆ, ಕೈಗೂ ಹಿತ.

ಪಾಲಿ ತುಂಡಾಗುವವರೆಗೆ ಕಾಯಬೇಡಿ. ಹೆಬ್ಬೆರಳಿಂದ ತಳ್ಳಿದ ಎಳೆ ವಾಪಸ್ ಬರುವುದು ನಿಂತರೆ ಅದರ ಕೆಲಸ ಮುಗಿಯಿತು ಅಂತಲೇ ಅರ್ಥ, ನೋಡಲು ಎಷ್ಟೇ ಗಟ್ಟಿ ಇರಲಿ. ಹಳೆ ಗಟ್ ಮನೆಯಲ್ಲೇ ಕತ್ತರಿಸಿ ರಾಕೆಟ್ ತರುವುದಾದರೆ ನಡುವಿನಿಂದ ಶುರುಮಾಡಿ, ಒಂದು ಮೇನ್, ಒಂದು ಕ್ರಾಸ್, ಹೀಗೆ ಓರೆಯಾಗಿ ಹೊರಗೆ ಬನ್ನಿ. ಒಂದೇ ಕಡೆಯಿಂದ ಕತ್ತರಿಸುತ್ತಾ ಹೋದರೆ ಉಳಿದ ಎಳೆಗಳು ಫ್ರೇಮನ್ನು ಒಂದೇ ಕಡೆಗೆ ಜಗ್ಗುತ್ತವೆ.