ಹಕ್ಕಿಗೆ ಮೊದಲು ಅದರ ಊಟವನ್ನು ಹುಡುಕಿ

ಶಿರಸಿಯ ನಮ್ಮೂರಿನಲ್ಲಿ ಅಮ್ಮ ಸೊಪ್ಪಿನ ಬೆಟ್ಟಕ್ಕೆ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಹೋದರೆ ಮಡಿವಾಳ ಹಕ್ಕಿಯೊಂದು ಅವಳ ಹಿಂದೆಯೇ ಬರುತ್ತಿತ್ತು. ಪೊರಕೆ ಎಬ್ಬಿಸಿದ ಹುಳುಗಳೇ ಅದಕ್ಕೆ ಊಟ. ಪುಣೆಗೆ ಬಂದು ಇಪ್ಪತ್ತಾರು ವರ್ಷವಾದರೂ ಕಾಡಿಗೆ ಕಾಲಿಟ್ಟೊಡನೆ ನಾನು ಮೊದಲು ನೋಡುವುದು ಒಣಗಿದ ಎಲೆಯನ್ನೇ.

ಗ್ರೀನಿಷ್ ವಾರ್ಬ್ಲರ್ ಎಂಬ ಹಸಿರು ಉಲಿಯಕ್ಕಿಯ ತೂಕ ಸುಮಾರು 8 ಗ್ರಾಂ. ಹಿಮಾಲಯದ, ಮಧ್ಯ ಏಷ್ಯಾದ ಬೆಟ್ಟಗಾಡುಗಳಲ್ಲಿ ಹುಳುಹುಪ್ಪಟೆ ಸಿಗದಂತಾಗುವ ಮೊದಲೇ ಅದು ಅಲ್ಲಿಂದ ಹೊರಟು ಸಹ್ಯಾದ್ರಿಗೆ ಬರುತ್ತದೆ. ಇಲ್ಲಿ ಹಿಮ ಬೀಳುವುದಿಲ್ಲ. ಆದರೆ ಮಳೆ ನಿಂತ ಮೇಲೆ ಕಾಡು ಒಣಗುತ್ತಾ ಹೋಗಿ, ಹಸಿರೆಲೆಯ ಮೇಲಿನ ಹುಳುಗಳೂ ಕಡಿಮೆಯಾಗುತ್ತವೆ.

ಜನವರಿಯ ಒಂದು ಬೆಳಿಗ್ಗೆ ಏಳೂವರೆಗೆ ಪುಣೆ ಬಳಿಯ ಸಿಂಹಗಡ ಕೋಟೆಯ ಬುಡದ ಕಣಿವೆಯಲ್ಲಿರಿ. ಎಳೆಬಿಸಿಲು ಮೊದಲು ತಾಗುವ ಇಳಿಜಾರಿನಲ್ಲಿ ನಿಲ್ಲಿ. ಚಳಿಗೆ ಮರಗಟ್ಟಿದ ಕೀಟಗಳು ಅಲ್ಲಿ ಮೊದಲು ಅಲುಗಾಡುತ್ತವೆ. ರಾತ್ರಿಯಿಡೀ ಉಪವಾಸವಿದ್ದ ಹಕ್ಕಿಗಳೂ ಅಲ್ಲಿಗೇ ಬರುತ್ತವೆ. ಒಂದೇ ಮರವನ್ನು ಆರಿಸಿಕೊಂಡು ಇಪ್ಪತ್ತು ನಿಮಿಷ ಕದಲಬೇಡಿ. ಹಲವು ಜಾತಿಯ ಹಕ್ಕಿಗಳು ಒಟ್ಟಾಗಿ ಬಂದು ಒಂದೇ ಮರವನ್ನು ಹಂಚಿಕೊಳ್ಳುವುದನ್ನು ನೋಡಬಹುದು. ಉಲಿಯಕ್ಕಿ ಎಲೆಯ ಅಡಿಭಾಗ ತಡಕುತ್ತದೆ. ನೊಣಹಿಡುಕ ಕೊಂಬೆಯಿಂದ ಹಾರಿ, ಗಾಳಿಯಲ್ಲೇ ಹಿಡಿದು ಮರಳುತ್ತದೆ. ಮರಕುಟಿಗ ತೊಗಟೆಯ ಸಂದಿಗೆ ಕೊಕ್ಕು ಹಾಕುತ್ತದೆ. ಬೂರುಗ, ಹಾಲುವಾಣ ಹೂಬಿಟ್ಟಿದ್ದರೆ ಮಕರಂದಕ್ಕೆ ಬಂದ ಕೀಟಗಳೂ ಊಟವಾಗುತ್ತವೆ.

ಹೆಚ್ಚಿನವರು ನೋಡದೆ ಬಿಡುವುದು ಸುರುಳಿ ಸುತ್ತಿದ ಒಣ ಎಲೆಯನ್ನು. ಉದುರದೆ ಕೊಂಬೆಯ ಕವಲಿನಲ್ಲಿ ಸಿಕ್ಕಿ ನೇತಾಡುವ ಅಂಥ ಎಲೆಯೊಳಗೆ ಜೇಡವಿರುತ್ತದೆ, ಕೀಟಗಳ ಮೊಟ್ಟೆ, ಕೋಶಗಳಿರುತ್ತವೆ. ಹಸಿರೆಲೆ ಬಡವಾದ ತಿಂಗಳುಗಳಲ್ಲಿ ಹಕ್ಕಿಗಳಿಗೆ ಇದೇ ಉಗ್ರಾಣ. ಒಂದನ್ನು ಕೀಳದೆ, ಕೆಳಗಿನಿಂದ ಭೂತಗನ್ನಡಿ ಹಿಡಿದು ನೋಡಿ.

ಕಾಡಿನಲ್ಲಿ ಕಣ್ಣೇ ಸಾಕು. ಮನೆಯ ಬಳಿಯ ಮರದಲ್ಲಿ ಎಷ್ಟು ಹುಳುಗಳಿವೆ ಎಂದು ತಿಳಿಯಲು ಬಿಳಿ ಛತ್ರಿ ಬೇಕು. ಅದನ್ನು ಬಿಚ್ಚಿ, ತಲೆಕೆಳಗಾಗಿ ಕೊಂಬೆಯಡಿ ಹಿಡಿದು, ಕೋಲಿನಿಂದ ಕೊಂಬೆಯನ್ನು ಒಂದೇ ಸಲ ತಟ್ಟಿ. ಹಕ್ಕಿಗೂಡು ಅಥವಾ ಚಗಳಿ ಇರುವೆ ಎಲೆ ಹೆಣೆದು ಮಾಡಿದ ಕೊಟ್ಟೆ ಇರುವ ಕೊಂಬೆ ಬೇಡ. ಹೋದ ಡಿಸೆಂಬರಿನಲ್ಲಿ ನಮ್ಮ ಅಂಗಳದ ನೇರಳೆಯಿಂದ ಹನ್ನೊಂದು ಜೇಡ, ಮೂರು ಜಿಗಿಹುಳು, ಕಡ್ಡಿಯಂತೆ ಸೆಟೆದು ನಿಂತ ಒಂದು ಹಸಿರು ಹುಳು ಬಿದ್ದವು. ಬರೆದುಕೊಂಡು ಎಲ್ಲವನ್ನೂ ಅದೇ ಕೊಂಬೆಗೆ ಬಿಟ್ಟೆ.

ಅದೇ ನೇರಳೆಗೆ ಹಿಂದೊಂದು ವರ್ಷ ಅಂಗಳ ಹಂಚಿಕೊಂಡ ನೆರೆಹೊರೆಯವರು ಕೀಟನಾಶಕ ಹೊಡೆಸಿ, ಬುಡದ ತರಗೆಲೆಗೆ ಬೆಂಕಿ ಇಟ್ಟರು. ನನಗೆ ಅಳುವೇ ಬಂತು. ಹಸಿರು ಉಲಿಯಕ್ಕಿ ಚಳಿಗಾಲಕ್ಕೆ ತನ್ನದೇ ಸರಹದ್ದು ಹಿಡಿದು, ತನ್ನ ಜಾತಿಯ ಬೇರೆ ಹಕ್ಕಿಗಳನ್ನು ಓಡಿಸುತ್ತದೆ. ಅದರ ಮರ ಬರಿದಾದರೆ ಪಕ್ಕದ ಮರಕ್ಕೆ ಸುಮ್ಮನೆ ಹೋಗಲಾಗದು. ಅಲ್ಲಿ ಇನ್ನೊಬ್ಬ ಒಡೆಯನಿರುತ್ತಾನೆ. ಆ ಫೆಬ್ರವರಿಯಲ್ಲಿ ನಮ್ಮ ಅಂಗಳದಲ್ಲಿ ಅದರ ‘ಚಿ-ವೀ’ ಕೇಳಲಿಲ್ಲ.

ಆದ್ದರಿಂದ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಕೀಟನಾಶಕ ಬೇಡ, ಸಿಕ್ಕಿಕೊಂಡ ಒಣ ಎಲೆಗಳನ್ನು ಕೊಡವುವುದೂ ಬೇಡ. ಇಡೀ ಅಂಗಳಕ್ಕೆ ನೆರೆಹೊರೆಯವರು ಒಪ್ಪದಿದ್ದರೆ ಒಂದು ಮೂಲೆಯನ್ನಾದರೂ ಕೇಳಿ. ನಮಗೆ ಸಿಕ್ಕಿದ್ದು ಹತ್ತಡಿ ಉದ್ದ, ಆರಡಿ ಅಗಲ. ಸುತ್ತ ಕಲ್ಲು ಜೋಡಿಸಿ, ತರಗೆಲೆಯನ್ನು ಮೊಣಕಾಲೆತ್ತರ ಗುಡ್ಡೆ ಹಾಕದೆ ಒಂದು ಗೇಣಿನಷ್ಟು ಹರಡಿದ್ದೇವೆ. ಕಿಡಿ ಬಿದ್ದರೂ ಸುಲಭವಾಗಿ ಹತ್ತದಂತೆ ವಾರಕ್ಕೆರಡು ಸಲ ನೀರು ಚಿಮುಕಿಸುತ್ತೇವೆ. ಒದ್ದೆ ಎಲೆಯಡಿ ಹುಳು ಬೇಗ ಸೇರುತ್ತದೆ. ಮೂರನೆಯ ವಾರಕ್ಕೇ ಮಡಿವಾಳ ಹಕ್ಕಿ ಬಂದು ಎಲೆಗಳನ್ನು ತಿರುವಿ ಹಾಕತೊಡಗಿತು.